ಕಂಪನಿಗಳು ಬಾರದ ಕಾಲೇಜಿನಿಂದ ಕೆಲಸಕ್ಕೆ ಸೇರಿದ್ದು ಹೀಗೆ

ನಾನು ಓದಿದ್ದು ಉಡುಪಿ ಜಿಲ್ಲೆಯ ಒಂದು ಸಣ್ಣ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ಎಂಐಟಿ ಎರಡೂ ಬಸ್ಸು ಹತ್ತಿದರೆ ಸಿಗುವಷ್ಟೇ ದೂರ. ಆದರೆ ಅಲ್ಲಿಗೆ ಬರುವ ಕಂಪನಿಗಳು ನಮ್ಮಲ್ಲಿಗೆ ಬರುತ್ತಿರಲಿಲ್ಲ. ನಮ್ಮ ಪಾಲಿಗೆ ಇದ್ದದ್ದು ಪೂಲ್ ಡ್ರೈವ್. ಹಲವು ಕಾಲೇಜಿನವರನ್ನು ಒಂದೇ ಕಡೆ ಕೂರಿಸಿ ಆಪ್ಟಿಟ್ಯೂಡ್ ಟೆಸ್ಟ್, ಆಮೇಲೆ ಐದು ನಿಮಿಷದ ಮಾತು. ಆ ಐದು ನಿಮಿಷದಲ್ಲಿ ನಮಗೇನು ಗೊತ್ತು ಅಂತ ತೋರಿಸುವುದಕ್ಕೇ ಆಗುವುದಿಲ್ಲ.

ಕಾಲೇಜಿನ ಹೆಸರು ಕಂಪನಿಗಳಿಗೆ ಒಂದು ಜರಡಿ. ರಾಶಿ ಅರ್ಜಿ ಓದಲು ಅವರಿಗೆ ಪುರುಸೊತ್ತಿಲ್ಲ, ಹೆಸರು ನೋಡಿ ಸೋಸುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಂಡು ಕೂತರೆ ಏನೂ ಆಗುವುದಿಲ್ಲ. ಜರಡಿಗೆ ಬೀಳುವ ಮೊದಲೇ ನಮ್ಮ ಕೆಲಸವನ್ನು ನೋಡುವ ಒಬ್ಬರನ್ನು ಹುಡುಕಬೇಕು. ನೋಡಿದಾಗ ತೋರಿಸಲು ಗಟ್ಟಿಯಾದದ್ದೇನಾದರೂ ಕೈಯಲ್ಲಿ ಇರಬೇಕು. ನಾನು ಮೂರನೇ ವರ್ಷದಿಂದ ಮಾಡಿದ್ದು ಇಷ್ಟೇ.

ತೋರಿಸುವ ಕೆಲಸ ಅಂದರೆ ಎಲ್ಲರೂ ಮಾಡುವ ಟು-ಡೂ ಆಪ್, ಹವಾಮಾನದ ಆಪ್ ಅಲ್ಲ. ಅವನ್ನು ಯಾರೂ ಬಳಸುವುದಿಲ್ಲ, ಅದಕ್ಕೇ ಅವುಗಳಲ್ಲಿ ತೊಂದರೆಯೂ ಬರುವುದಿಲ್ಲ. ತೊಂದರೆ ಬರಲಿಲ್ಲ ಅಂದರೆ ಕಲಿಯುವುದಕ್ಕೂ ಏನಿಲ್ಲ. ನಮ್ಮೂರಲ್ಲಿ ನವೆಂಬರ್ ಬಂತೆಂದರೆ ಯಕ್ಷಗಾನ ಮೇಳಗಳ ತಿರುಗಾಟ ಶುರು, ತಿರುಗಾಟ ಮುಗಿಯುವ ದಿನವಾದ ಮೇ ತಿಂಗಳ ಪತ್ತನಾಜೆಯವರೆಗೆ ದಿನಾ ಎಲ್ಲೋ ಒಂದು ಕಡೆ ಆಟ. ಇವತ್ತು ಯಾವ ಮೇಳ, ಯಾವ ಊರು, ಯಾವ ಪ್ರಸಂಗ ಅಂತ ಮನೆಮನೆಯಲ್ಲೂ ಕೇಳುತ್ತಾರೆ. ಅದನ್ನು ಮೊಬೈಲ್‌ನಲ್ಲಿ ಹುಡುಕುವ ಹಾಗೆ ಒಂದು ವೆಬ್‌ಸೈಟ್ ಮಾಡಿದೆ. ಪೈಥಾನ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಸಾದಾ ಎಚ್‌ಟಿಎಂಎಲ್, ಅಷ್ಟೇ.

ಜನ ಬಳಸಲು ಶುರು ಮಾಡಿದ ಮೇಲೆ ದೊಡ್ಡಮ್ಮ ಫೋನ್ ಮಾಡಿದರು. 'ಎಂತ ಮಾರಾಯ, ಕಟೀಲು ಅಂತ ಹಾಕಿದರೆ ಆಟವೇ ಇಲ್ಲ ಅಂತ ತೋರಿಸ್ತದೆ. ಇವತ್ತು ನಮ್ಮ ನೆರೆಯವರದ್ದೇ ಹರಕೆ ಆಟ ಉಂಟು!' ನೋಡಿದರೆ ಡೇಟಾಬೇಸ್‌ನಲ್ಲಿ ಕಟೀಲು ಇದೆ. ಹುಡುಕಿದ ಪದವೂ ಕಟೀಲು. ಕಣ್ಣಿಗೆ ಎರಡೂ ಒಂದೇ. ಪೈಥಾನ್‌ನಲ್ಲಿ ಎರಡರ ಉದ್ದ ಕೇಳಿದೆ. ಒಂದಕ್ಕೆ 5 ಅಂದಿತು, ಇನ್ನೊಂದಕ್ಕೆ 6.

ವ್ಯತ್ಯಾಸ ಇದ್ದದ್ದು 'ಟೀ' ಅಕ್ಷರದಲ್ಲಿ. ಯುನಿಕೋಡ್ ಅಂದರೆ ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ, ಗುರುತಿಗೂ ಸಂಕೇತ ಕೊಡುವ ವ್ಯವಸ್ಥೆ; ಪೈಥಾನ್ ಉದ್ದ ಅಂತ ಎಣಿಸುವುದು ಆ ಸಂಕೇತಗಳನ್ನು. ಅದರಲ್ಲಿ ಈ-ಕಾರದ ಗುರುತನ್ನು ಎರಡು ರೀತಿ ಬರೆಯಬಹುದು. 0ಸಿಸಿ0 ಅನ್ನುವ ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಇ-ಕಾರದ ಗುರುತು 0ಸಿಬಿಎಫ್ ಹಾಕಿ ಅದರ ಮುಂದೆ ದೀರ್ಘದ ಗುರುತು 0ಸಿಡಿ5 ಸೇರಿಸಬಹುದು. ನನಗೆ ಬಂದ ಪಟ್ಟಿಗಳು ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಆಮೇಲೆ ಯುನಿಕೋಡ್‌ಗೆ ತಿರುಗಿಸಿದವು. ಆ ಫಾಂಟ್‌ನಲ್ಲಿ ದೀರ್ಘ ಬೇರೆಯೇ ಇತ್ತು, ತಿರುಗಿಸಿದಾಗಲೂ ಹಾಗೇ ಉಳಿದಿತ್ತು. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಅಂತ ಫಂಕ್ಷನ್ ಇದೆ. ಅದಕ್ಕೆ ಎನ್‌ಎಫ್‌ಸಿ ಅಂತ ಹೇಳಿದರೆ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಪದ ಡೇಟಾಬೇಸ್‌ಗೆ ಹೋಗುವಾಗ ಒಮ್ಮೆ, ಹುಡುಕುವಾಗ ಒಮ್ಮೆ ಅದನ್ನು ಹಾಕಿದೆ. ದೊಡ್ಡಮ್ಮನಿಗೆ ಕಟೀಲು ಸಿಕ್ಕಿತು.

ಈ ತೊಂದರೆ, ಅದರ ಕಾರಣ, ಅದಕ್ಕೆ ಬರೆದ ಟೆಸ್ಟ್‌ಗಳು ಎಲ್ಲವನ್ನೂ ಕೋಡ್ ಇಡುವ ಸೈಟ್ ಆದ ಗಿಟ್‌ಹಬ್‌ನಲ್ಲಿ ರೀಡ್‌ಮಿ, ಅಂದರೆ ಕೋಡ್ ಜೊತೆಗಿನ ವಿವರಣೆ, ಆಗಿ ಬರೆದಿಟ್ಟೆ. ರೀಡ್‌ಮಿ ಬರೆಯುವುದನ್ನು ದಯವಿಟ್ಟು ಬಿಡಬೇಡಿ. ಕೋಡ್ ಪೂರ್ತಿ ಓದುವವರು ಕಡಿಮೆ. ಆದರೆ ಏನು ಕೆಟ್ಟಿತ್ತು, ಹೇಗೆ ಕಂಡುಹಿಡಿದೆ ಅನ್ನುವುದನ್ನು ಇಂಜಿನಿಯರ್ ಆದವರು ಖುಷಿಯಿಂದ ಓದುತ್ತಾರೆ.

ಆಮೇಲೆ ಮೇಲ್ ಬರೆಯುವ ಕೆಲಸ. ಕಂಪನಿಯ ಕರಿಯರ್ಸ್ ಪೇಜಿನಲ್ಲಿ ಹಾಕಿದ ಅರ್ಜಿಗಳಿಗೆ ನನಗೆ ಹೆಚ್ಚಾಗಿ ಉತ್ತರವೇ ಬರಲಿಲ್ಲ. ಹಾಗಾಗಿ ಲಿಂಕ್ಡ್‌ಇನ್‌ನಲ್ಲಿ ಸರ್ಚ್, ಡೇಟಾ ಇಂಥ ಕೆಲಸ ಮಾಡುವ ಇಂಜಿನಿಯರ್‌ಗಳನ್ನೇ ಹುಡುಕಿದೆ. ಕರಾವಳಿಯವರು ಬೆಂಗಳೂರಿನಲ್ಲಿ ಮಾತ್ರ ಇರುವುದಲ್ಲ, ಇಲ್ಲೂ ಇದ್ದಾರೆ. ರೋಬೋಸಾಫ್ಟ್ 1996ರಲ್ಲಿ ಶುರುವಾದದ್ದೇ ಉಡುಪಿಯಲ್ಲಿ, ಇನ್ಫೋಸಿಸ್‌ಗೆ ಮಂಗಳೂರಿನಲ್ಲಿ ಕ್ಯಾಂಪಸ್ ಇದೆ. ಮೇಲ್‌ನಲ್ಲಿ ನಾಲ್ಕೈದು ಸಾಲು, ಜಾಸ್ತಿ ಇಲ್ಲ. ನಿಮ್ಮ ತಂಡದ ಇಂಥ ಕೆಲಸ ನೋಡಿದೆ, ಅದಕ್ಕೆ ಹತ್ತಿರದ ಒಂದು ತೊಡಕನ್ನು ನಾನು ಹೀಗೆ ಬಿಡಿಸಿದ್ದೇನೆ, ಲಿಂಕ್ ಇದು, ಜೂನಿಯರ್ ಹುದ್ದೆ ಇದ್ದರೆ ಮಾತಾಡಲು ಸ್ವಲ್ಪ ಸಮಯ ಕೊಡುತ್ತೀರಾ? 'ಸರ್, ಹೇಗಾದರೂ ಒಂದು ಕೆಲಸ ಕೊಡಿಸಿ' ಅಂತ ಬರೆದರೆ ಪಾಪ, ಅವರಾದರೂ ಏನು ಮಾಡಬೇಕು? ರೆಸ್ಯೂಮೆ ಒಂದೇ ಪುಟ. ಮೇಲೆ ಪ್ರಾಜೆಕ್ಟ್, ಕಾಲೇಜಿನ ಹೆಸರು ಕೊನೆಗೆ.

ಇಂಟರ್‌ವ್ಯೂಗೆ ಡೇಟಾ ಸ್ಟ್ರಕ್ಚರ್, ಅಂದರೆ ಮಾಹಿತಿಯನ್ನು ಜೋಡಿಸಿಡುವ ವಿಧಾನಗಳನ್ನು, ಓದಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಅರೇ, ಸ್ಟ್ರಿಂಗ್, ಹ್ಯಾಶ್ ಮ್ಯಾಪ್, ಬೈನರಿ ಸರ್ಚ್, ಟ್ರೀ, ಗ್ರಾಫ್ ಇಷ್ಟನ್ನು ಕಾಗದದ ಮೇಲೆ ಬರೆಯುವಷ್ಟು ಗಟ್ಟಿ ಮಾಡಿಕೊಂಡೆ. ನನಗೆ ಇಂಗ್ಲಿಷ್‌ನಲ್ಲಿ ಮಾತಾಡುವುದು ಕಷ್ಟವಿತ್ತು. ರೂಮಿನ ಗೆಳೆಯನನ್ನು ಕೂರಿಸಿ ಪ್ರತಿ ಲೆಕ್ಕವನ್ನೂ ಅವನಿಗೆ ಇಂಗ್ಲಿಷ್‌ನಲ್ಲೇ ಬಿಡಿಸಿ ಹೇಳುತ್ತಿದ್ದೆ. ಅವನಿಗೂ ಅದರಿಂದ ಉಪಯೋಗ ಆಯಿತು.

ಕೊನೆಗೆ ಕರೆದದ್ದು ಒಂದು ಪ್ರಾಡಕ್ಟ್ ಕಂಪನಿ. ಒಂದು ರೌಂಡ್ ಕೋಡಿಂಗ್ ಮುಗಿದ ಮೇಲೆ ಮಾತೆಲ್ಲ ಯಕ್ಷಗಾನದ ಸೈಟ್ ಮೇಲೆಯೇ. 'ಹುಡುಕುವಾಗಲೇ ಎಲ್ಲವನ್ನೂ ನಾರ್ಮಲೈಸ್ ಮಾಡಬಹುದಿತ್ತಲ್ವಾ, ಮೊದಲೇ ಯಾಕೆ?' ಅಂತ ಕೇಳಿದರು. ಹಾಗೆ ಮಾಡಿದರೆ ಪ್ರತಿ ಸಲವೂ ಪ್ರತಿ ಸಾಲನ್ನು ಬದಲಾಯಿಸಿ ಹೋಲಿಸಬೇಕು, ಬೇಗ ಹುಡುಕಲು ಕಾಲಮ್ ಮೇಲೆ ಹಾಕಿದ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ ಅಂದೆ. ಅಲ್ಲಿಂದ ಇಂಡೆಕ್ಸ್‌ನ ಒಳರಚನೆಯಾದ ಬಿ-ಟ್ರೀಗೆ ಹೋದರು. ನಾನೂ ಜೊತೆಗೆ ಹೋದೆ. ಕಾಲೇಜು ಯಾವುದು ಅಂತ ಆ ರೌಂಡಿನಲ್ಲಿ ಯಾರೂ ಕೇಳಲಿಲ್ಲ.

ಒಂದು ಎಚ್ಚರಿಕೆ. ಟ್ರೈನಿಂಗ್ ಜೊತೆಗೆ ಕೆಲಸ ಗ್ಯಾರಂಟಿ ಅಂತ ಮೊದಲೇ ದುಡ್ಡು ಕೇಳುವವರು ನಮ್ಮಂಥ ಕಾಲೇಜಿನ ಹುಡುಗರನ್ನೇ ಹುಡುಕಿಕೊಂಡು ಬರುತ್ತಾರೆ. ಒಂದು ರೂಪಾಯಿಯನ್ನೂ ಕೊಡಬೇಡಿ. ಆಫರ್ ಲೆಟರ್ ಬಂದರೂ ನಿಧಾನವಾಗಿ ಓದಿ. ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂತ ಬರೆದ ಮೊತ್ತ ಕೈಗೆ ಬರುವ ಸಂಬಳವಲ್ಲ. ಅದರೊಳಗೆ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಪೇ ಸೇರಿರಬಹುದು. ಬಾಂಡ್ ಇದೆಯಾ, ಇದ್ದರೆ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಎಚ್‌ಆರ್ ಹತ್ತಿರ ಮೇಲ್‌ನಲ್ಲೇ ಕೇಳಿ. ಉತ್ತರವೂ ಮೇಲ್‌ನಲ್ಲೇ ಬರಲಿ, ಆಮೇಲೆ ಸಹಿ ಹಾಕಿ.