ಪ್ರೆಸ್ ಇಲ್ಲದೆ, ವಾಸ್ಕೋದ ಪಾರ್ಕಿಂಗ್‌ನಲ್ಲೇ ಬುಷ್ ಬದಲಿಸಿದೆ

ಗ್ಯಾರೇಜಿನ ಪ್ರೆಸ್ ಇಲ್ಲದೆ ನನ್ನ ಕಾರಿನ ಬುಷ್‌ಗಳನ್ನು ನಾನೇ ಬದಲಿಸಿದ ಕೆಲಸ ಮುಗಿದು ಎರಡು ಮಳೆಗಾಲ ಕಳೆದಿವೆ. ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗಿಬಂದದ್ದು ಹದಿನೈದು ಸಲವಾದರೂ ಆಗಿರಬೇಕು. ಕಾರು ಇನ್ನೂ ನೆಟ್ಟಗೆ ಓಡುತ್ತಿದೆ. ಇದನ್ನು ಈಗ ಬರೆಯುವ ಧೈರ್ಯ ಬಂದದ್ದು ಅದಕ್ಕೇ. ಮೊದಲೇ ಬರೆದಿದ್ದರೆ ನಗುವವರು ಜಾಸ್ತಿ ಇದ್ದರು.

ಕಾರು 1999ರ ಮಜ್ದಾ ಎಂಎಕ್ಸ್-5, ಎರಡನೇ ಪೀಳಿಗೆಯದು. ಇಂಗ್ಲೆಂಡಿನಿಂದ ವಾಪಸಾದವರೊಬ್ಬರು ಜೊತೆಗೆ ತಂದದ್ದು, ನನ್ನದು ಮೂರನೇ ಕೈ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿಂದು ಬಂದ ಕಾರು, ಇಲ್ಲಿ ಗೋವಾದ ವಾಸ್ಕೋದಲ್ಲಿ ಸಮುದ್ರದ ಗಾಳಿ ಕುಡಿಯುತ್ತಾ ನಿಂತಿತ್ತು. ನಾಲ್ಕು ಮೂಲೆಗೂ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುತ್ತದೆ. ಆ ಆರ್ಮ್‌ಗಳ ಕೀಲಿನಲ್ಲಿ ಕೂರುವ, ಉಕ್ಕಿನ ಚಿಪ್ಪಿನೊಳಗೆ ರಬ್ಬರ್ ಇರುವ ತುಂಡುಗಳೇ ಬುಷ್‌ಗಳು, ಎಲ್ಲಾ ಸೇರಿ ಇಪ್ಪತ್ತರ ಆಸುಪಾಸು. ಅವು ಸವೆದಿದ್ದರಿಂದ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ತನ್ನಷ್ಟಕ್ಕೆ ತಾನೇ ಜರುಗುತ್ತಿತ್ತು. ಟೈರಿನ ಒಳಅಂಚು ಬೋಳು.

ಮೊದಲು ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಬೇಡ. ಬುಷ್ ಒತ್ತಿ ಕೂರಿಸುವ ಹೈಡ್ರಾಲಿಕ್ ಪ್ರೆಸ್ ಯಂತ್ರ ಇದೆ ಅಂತ ಹೆಮ್ಮೆಯಿಂದ ತೋರಿಸಿದರು. ಅದೇ ಪ್ರೆಸ್‌ನಲ್ಲಿ ಮೇಲಿನ ಒಂದು ಆರ್ಮ್ ಬಗ್ಗಿಸಿದರು. ಆ ಆರ್ಮ್‌ನ ಎರಡು ಬುಷ್‌ಗಳ ನಡುವೆ ಬರೀ ಖಾಲಿ ಜಾಗ. ಆಧಾರ ಕೊಡದೆ ಒತ್ತಿದರೆ ಬಾಗದೆ ಏನಾಗುತ್ತದೆ? ಮೇಲಾಗಿ ಕಾರು ಲಿಫ್ಟ್ ಮೇಲಿದ್ದಾಗ, ಚಕ್ರ ಜೋತಾಡುತ್ತಿರುವಾಗಲೇ ಎಲ್ಲಾ ಬೋಲ್ಟ್ ಬಿಗಿ ಮಾಡಿದರು. ಕಾರು ನೆಲಕ್ಕಿಳಿದ ಕೂಡಲೇ ಪ್ರತಿ ರಬ್ಬರೂ ತಿರುಚಿಕೊಂಡಿತು. ನಾಲ್ಕೇ ತಿಂಗಳಲ್ಲಿ ಸೀಳಿತು. ಸುಮಾರು 22,000 ರೂಪಾಯಿ ನೀರಿಗೆ ಬಿತ್ತು. ಬದಲಿ ಆರ್ಮ್ ಹುಡುಕಲು ಪಟ್ಟ ಪಾಡು ಬೇರೆ.

ಎರಡನೇ ತಪ್ಪು ಪೂರ್ತಿ ನನ್ನದೇ. ರಬ್ಬರ್ ಬದಲು ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯುರೆಥೇನ್ ಬುಷ್‌ಗಳ ಸೆಟ್ ತರಿಸಿದೆ. ಕಸ್ಟಮ್ಸ್ ಸೇರಿ 40,000ದ ಹತ್ತಿರ. ಮೊದಲ ತಿಂಗಳು ಅಬ್ಬಾ, ಸ್ಟೀರಿಂಗ್ ಬೆರಳಿನ ಮಾತು ಕೇಳುತ್ತಿತ್ತು. ಜೂನ್ ಬಂತು, ಗ್ರೀಸ್ ತೊಳೆದುಹೋಯಿತು. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಅಜ್ಜಿಮನೆಯ ತೂಗುಮಂಚದ ಹಾಗೆ ಕಿರ್ ಕಿರ್. ಮನೆಯವಳು ಕಾರು ಹತ್ತುವುದನ್ನೇ ಬಿಟ್ಟಳು. ಆ ಸೆಟ್ಟನ್ನು ಪುಣೆಯ ಗೆಳೆಯನಿಗೆ 15,000ಕ್ಕೆ ಮಾರಿದೆ. ಅವನಿಗೆ ಸದ್ದು ಇಷ್ಟವಂತೆ!

ಕೊನೆಗೆ ಕಂಪನಿಯ ರಬ್ಬರ್ ಬುಷ್‌ಗೇ ಮರಳಿದೆ. ಮಸ್ಕತ್‌ನಲ್ಲಿರುವ ಭಾವ ರಜೆಗೆ ಬರುವಾಗ ತಂದುಕೊಟ್ಟರು. ಬೋಲ್ಟ್‌ಗಳನ್ನೂ ಹೊಸದೇ ತರಿಸಿದ್ದೆ, ಅದು ಒಳ್ಳೆಯದಾಯಿತು. ಚಕ್ರದ ಕೋನ ಹೊಂದಿಸುವ ಎಕ್ಸೆಂಟ್ರಿಕ್ ಬೋಲ್ಟ್‌ಗಳು ಬುಷ್ ನಡುವಿನ ಉಕ್ಕಿನ ನಳಿಕೆಯ (ಸ್ಲೀವ್) ಒಳಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿದ್ದವು. ಎಂಟರಲ್ಲಿ ಐದನ್ನು ಕತ್ತರಿಸಿಯೇ ತೆಗೆದೆ. ಹಿಂದಿನ ಕೆಳಗಿನ ಆರ್ಮ್‌ನ ಹೊರತುದಿಯ ಉದ್ದ ಬೋಲ್ಟ್ ಇದೆಯಲ್ಲ, ಒಂದಕ್ಕೇ ಎರಡು ಭಾನುವಾರ ಹೋಯಿತು. ಅಸಿಟೋನ್ ಜೊತೆ ಗೇರ್ ಆಯಿಲ್ ಬೆರೆಸಿ ಸುರಿದೆ, ಕಾಯಿಸಿದೆ, ಬೈದೆ. ಹಳೆ ಬುಷ್ ತೆಗೆಯಲೆಂದು ಗ್ಯಾಸ್ ಟಾರ್ಚ್‌ನಿಂದ ರಬ್ಬರ್ ಸುಡಲು ಹೋದಾಗ ಎದ್ದ ಹೊಗೆಗೆ ಸೊಸೈಟಿ ಸೆಕ್ರೆಟರಿ ಬನಿಯನ್ನಿನಲ್ಲೇ ಓಡಿಬಂದರು. ಆಮೇಲೆ ಸುಡುವ ಕೆಲಸ ಬಿಟ್ಟೆ. ರಬ್ಬರನ್ನು ಡ್ರಿಲ್‌ನಿಂದ ಕೊರೆದು, ಹೊರಗಿನ ಉಕ್ಕಿನ ಚಿಪ್ಪಿಗೆ ಹ್ಯಾಕ್ಸಾದಿಂದ ಒಂದೇ ಸೀಳು ಹಾಕಿ, ಚಾಣದಿಂದ ಒಳಕ್ಕೆ ಮಡಚಿದರೆ ಬರುತ್ತದೆ. ಸೀಳು ಆರ್ಮ್‌ಗೆ ತಾಗಬಾರದು, ಅಷ್ಟೇ.

ಈಗ ಹೊಸ ಬುಷ್ ಎಳೆದು ಕೂರಿಸುವ ಪುಲ್ಲರ್ ವಿಷಯ. ಎರಡು ಕಪ್, ನಡುವೆ ಒಂದು ಥ್ರೆಡ್ ರಾಡ್, ಬಿಗಿಯಲು ನಟ್, ಇಷ್ಟೇ ಅದು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನಗೆ ಪರಿಚಯದ ಟರ್ನರ್ ಒಬ್ಬರಿದ್ದಾರೆ. ಹಳೆ ಬುಷ್ ಮತ್ತು ಬಗ್ಗಿದ ಆರ್ಮ್ ಎರಡನ್ನೂ ಅವರ ಮುಂದಿಟ್ಟೆ. "ಸರ, ಇದು ಪ್ರೆಸ್ ಬಿಟ್ಟು ಆಗೂದಿಲ್ಲ ಬಿಡ್ರಿ" ಎಂದರು. "ಕಾಕಾ, ನೀವು ಕಪ್ ಅಷ್ಟು ಮಾಡಿಕೊಡ್ರಿ, ಉಳಿದದ್ದು ನನಗೆ ಬಿಡ್ರಿ" ಎಂದೆ. ಮೂರು ಅಳತೆಯಲ್ಲಿ ಕಪ್ ಮಾಡಿಕೊಟ್ಟರು, 2,800 ರೂಪಾಯಿ. ತಳ್ಳುವ ಕಪ್ ಬುಷ್‌ನ ಹೊರಚಿಪ್ಪಿನ ಅಂಚನ್ನು ಮಾತ್ರ ಮುಟ್ಟಬೇಕು, ರಬ್ಬರನ್ನಲ್ಲ. ಎದುರಿನ ಕಪ್ ಅದೇ ಬುಷ್ ಕೂರುವ ಕೊಳವೆಯ ಬಾಯಿಗೆ ಆತುಕೊಳ್ಳಬೇಕು. ಹಾಗೆ ಮಾಡಿದರೆ ಒತ್ತಡವೆಲ್ಲ ಆ ಕೊಳವೆಯಲ್ಲೇ ಮುಗಿಯುತ್ತದೆ, ಆರ್ಮ್ ಬಗ್ಗುವ ಮಾತೇ ಇಲ್ಲ. ಪ್ರೆಸ್‌ಗಿಂತ ಇದೇ ವಾಸಿ ಅಂತ ನಾನು ಹೇಳುವುದು ಇದಕ್ಕೇ.

ಮೊದಲು ಅಂಗಡಿಯ ಸಾದಾ 12 ಎಂಎಂ ಥ್ರೆಡ್ ರಾಡ್ ಹಾಕಿದೆ. ಮೂರನೇ ಬುಷ್‌ಗೆ ಥ್ರೆಡ್ ಸವೆದು ಹುಡಿಯಾಯಿತು. ನಂತರ ಹೆಚ್ಚು ಗಟ್ಟಿ ಉಕ್ಕಿನ ಹೈಟೆನ್ಸಿಲ್ ರಾಡ್, ನಟ್ ಕೆಳಗೆ ಗುಜರಿಯಿಂದ ತಂದ, ಒತ್ತಡದಲ್ಲೂ ಸಲೀಸಾಗಿ ತಿರುಗುವ ಥ್ರಸ್ಟ್ ಬೇರಿಂಗ್. ಆ ಬೇರಿಂಗ್ ಹಾಕಿದ ಮೇಲೆ ಪಾನಾ ಅರ್ಧಕ್ಕರ್ಧ ಹಗುರಾಯಿತು. ಒಂದು ಬುಷ್ ಕೂರಿಸಲು ಹತ್ತು ಹನ್ನೆರಡು ನಿಮಿಷ. ಚಿಪ್ಪಿಗೆ ಏನು ಸವರಿದೆ ಅಂತ ಎಲ್ಲರೂ ಕೇಳುತ್ತಾರೆ. ಗ್ರೀಸ್ ಅಲ್ಲ, ಸೋಪೂ ಅಲ್ಲ. ಅದು ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗ. ಬುಷ್ ತಣ್ಣಗಾಗಿ ಕುಗ್ಗಿದರೆ, ಆರ್ಮ್ ಕಾದು ಹಿಗ್ಗಿದರೆ ಸಲೀಸಾಗಿ ಕೂರಬಹುದೇನೋ ಅಂತ. ಬುಷ್‌ಗಳನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿ, ತುರಿದಿಟ್ಟ ತೆಂಗಿನಕಾಯಿ ಡಬ್ಬಿಯ ಪಕ್ಕ ಇಟ್ಟೆ. ಆರ್ಮ್‌ಗಳನ್ನು ಮೇ ತಿಂಗಳ ಬಿಸಿಲಿಗೆ ಹಾಕಿದೆ. ನಾಲ್ಕು ಫ್ರೀಜರ್‌ನವು, ನಾಲ್ಕು ಹಾಗೇ ಹೊರಗಿಟ್ಟವು. ಪಾನಾ ಹಿಡಿದ ಕೈಗೆ ಅಂಥ ವ್ಯತ್ಯಾಸ ತಿಳಿಯಲಿಲ್ಲ. ಗೋವಾದ ತೇವಕ್ಕೆ ತಣ್ಣನೆಯ ಚಿಪ್ಪು ಎರಡೇ ನಿಮಿಷದಲ್ಲಿ ಬೆವತು ನೀರಾಯಿತು. ಆ ನೀರು ಕೊಳವೆಯೊಳಗೆ ಹೋದರೆ ನಾಳೆ ಮತ್ತೆ ತುಕ್ಕು. ತೆಂಗಿನಕಾಯಿಗೂ ರಬ್ಬರ್ ವಾಸನೆ ಹಿಡಿಯಿತು.

ಬೋಲ್ಟ್ ಬಿಗಿ ಮಾಡುವ ಕೆಲಸಕ್ಕೇ ಎಲ್ಲರೂ ತಲೆ ಅಲ್ಲಾಡಿಸಿದ್ದು. ಚಕ್ರ ನೆಲದ ಮೇಲಿದ್ದರೇ ಸರಿ ಅಂತ ಅವರ ವಾದ. ಆದರೆ ಕಾರಿನ ಕೆಳಗೆ ಇಳಿಯಲು ಗುಂಡಿಯಿಲ್ಲ, ರ‍್ಯಾಂಪ್ ಇಲ್ಲ, ಮೇಲಿನ ಬೋಲ್ಟ್‌ಗೆ ಕೈ ಹೋಗುವುದು ಎಲ್ಲಿಂದ? ಕಾರು ಬಿಚ್ಚುವ ಮೊದಲೇ, ಅದು ನೆಲದ ಮೇಲೆ ನಿಂತಿದ್ದಾಗ, ಚಕ್ರ ಕೂರುವ ಹಬ್‌ನ ನಡುವಿನಿಂದ ಮಡ್ಗಾರ್ಡ್ ಅಂಚಿಗೆ ಟೇಪ್ ಹಿಡಿದು ಬರೆದಿಟ್ಟಿದ್ದೆ. ನನ್ನ ಕಾರಿಗೆ ಮುಂದೆ ಸುಮಾರು 35 ಸೆಂಟಿಮೀಟರ್. ಜೋಡಿಸುವಾಗ ಶಾಕ್, ಸ್ಪ್ರಿಂಗ್ ಹಾಕಲೇ ಇಲ್ಲ. ಸ್ಪ್ರಿಂಗ್ ಇಲ್ಲದಿದ್ದರೆ ಹಬ್ ಹೂವಿನ ಹಾಗೆ ಏಳುತ್ತದೆ. ಸಣ್ಣ ಜಾಕ್‌ನಿಂದ ಅದೇ ಅಳತೆಗೆ ಎತ್ತಿ ಬಿಗಿ ಮಾಡಿದೆ. ಆಮೇಲೆ ಆರ್ಮ್ ಇಳಿಸಿ ಶಾಕ್ ಹಾಕುವಾಗ ರಬ್ಬರ್ ಒಂದು ಗಳಿಗೆ ತಿರುಚಿಕೊಳ್ಳುತ್ತದೆ, ಅದಕ್ಕೇನೂ ಆಗುವುದಿಲ್ಲ. ಕೆಳಗಿನ ಎಕ್ಸೆಂಟ್ರಿಕ್ ಬೋಲ್ಟ್‌ಗಳ ಚಿಂತೆ ಬೇಡ. ಅಲೈನ್‌ಮೆಂಟ್‌ನವರು ಕಾರು ಚಕ್ರದ ಮೇಲೆ ನಿಂತಿರುವಾಗ ಅವನ್ನು ಹೇಗೂ ಸಡಿಲಿಸಿ ಮತ್ತೆ ಬಿಗಿ ಮಾಡುತ್ತಾರೆ, ಅಲ್ವಾ? ಬೋಲ್ಟ್‌ಗೆಲ್ಲ ಕಾಪರ್ ಗ್ರೀಸ್ ಬಳಿದಿದ್ದೇನೆ. ಇನ್ನೊಮ್ಮೆ ಕತ್ತರಿಸುವ ಶಕ್ತಿ ಇಲ್ಲ.

ಮುಂದಿನ ಚಕ್ರಗಳಿಗೆ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ವಾಲುವ ಕೋನ, ಒಂದು ಡಿಗ್ರಿ ಒಳಕ್ಕೆ, ಹಿಂದೆ ಸ್ವಲ್ಪ ಜಾಸ್ತಿ ಇಡಿಸಿದೆ. ರಬ್ಬರ್ ಬುಷ್, ಬೋಲ್ಟ್, ಪುಲ್ಲರ್, ಅಲೈನ್‌ಮೆಂಟ್ ಎಲ್ಲಾ ಸೇರಿ ಈ ಸಲ 50,000 ದಾಟಿಲ್ಲ ಅಂತ ನೆನಪು. ಹಿಂದೆ ಕಳೆದದ್ದನ್ನು ಕೂಡಿಸಲು ಹೋಗಿಲ್ಲ, ಮನೆಯವಳೂ ಕೇಳಿಲ್ಲ.

ಪಕ್ಕದ ಓಣಿಯವರ ಹತ್ತಿರ ಒಂದು ಸ್ಯಾನ್ ಸ್ಟಾರ್ಮ್ ಇದೆ. ಇಲ್ಲೇ ಗೋವಾದಲ್ಲಿ ತಯಾರಾದ, ಫೈಬರ್ ಮೈಯ ಎರಡು ಸೀಟಿನ ಕಾರು. ಅದರ ಬುಷ್ ಕೂಡ ಸದ್ದು ಮಾಡುತ್ತಿದೆಯಂತೆ. ಹೊಸ ಅಳತೆಯ ಕಪ್‌ಗಾಗಿ ಕಳೆದ ವಾರ ಟರ್ನರ್ ಕಾಕಾಗೆ ಫೋನ್ ಮಾಡಿದೆ. ಈ ಸಲ ಪ್ರೆಸ್ ಮಾತೇ ಎತ್ತಲಿಲ್ಲ. "ಅಳತಿ ಕಳಸ್ರಿ ಸರ" ಎಂದರು.