ಸ್ಕೋಪ್ ಸಿನಿಮಾಗೆ ಯಾವ ಟಿವಿ, ಕಪ್ಪು ಪಟ್ಟಿಗೆ ಏನು ಮದ್ದು?

ಸ್ಕೋಪ್ ಎಂದರೆ ಅಗಲ ಎತ್ತರದ ಸುಮಾರು 2.39 ಪಟ್ಟು ಇರುವ ಸಿನಿಮಾ. ಮಾಮೂಲಿ ಟಿವಿಯ ಅಗಲ-ಎತ್ತರದ ಅನುಪಾತ 16:9, ಅಷ್ಟು ಅಗಲವಿಲ್ಲ, ಹಾಗಾಗಿ ಮೇಲೆ ಕೆಳಗೆ ಕಪ್ಪು ಪಟ್ಟಿ. ಅದಕ್ಕೆಂದು ತುಮಕೂರಿನ ಅಂಗಡಿಗಳಲ್ಲಿ ಇನ್ನೂ ಅಗಲದ 21:9 ಟಿವಿ ಹುಡುಕುತ್ತಾ ಅಲೆಯಬೇಡಿ. ಫಿಲಿಪ್ಸ್ 2009ರಲ್ಲಿ 56 ಇಂಚಿನದನ್ನು ತಂದಿತ್ತು, ಆ ಜಾತಿ ಹೆಚ್ಚು ದಿನ ಬಾಳಲಿಲ್ಲ. ಸುದ್ದಿ, ಕ್ರಿಕೆಟ್ ಎಲ್ಲವೂ 16:9, ಹಾಗಾಗಿ ಅದರಲ್ಲಿ ಎರಡೂ ಪಕ್ಕ ಖಾಲಿ. ಒಟಿಟಿಯವರು ಚಿತ್ರದೊಳಗೇ ಕಪ್ಪು ಪಟ್ಟಿ ಸೇರಿಸಿ ಕಳಿಸಿದರೆ ನಾಲ್ಕೂ ಕಡೆ ಕಪ್ಪು. ಪರದೆ ತುಂಬಿಸಲು ಜೂಮ್ ಒತ್ತಿದರೆ ಕೆಳಪಟ್ಟಿಯಲ್ಲಿದ್ದ ಸಬ್‌ಟೈಟಲ್ ಮಾಯ.

ಅಗಲದ ಲೆಕ್ಕದಲ್ಲಿ ಆ 56 ಇಂಚಿಗೆ ಸಾಟಿ ಸುಮಾರು 59 ಇಂಚಿನ ಮಾಮೂಲಿ ಟಿವಿ. 65 ಇಂಚಿನದು ಕೊಂಡರೆ ಸ್ಕೋಪ್ ಚಿತ್ರವೂ ದೊಡ್ಡದು, ಕ್ರಿಕೆಟ್ಟೂ ದೊಡ್ಡದು. ನಮ್ಮ ಮತ ಇದಕ್ಕೇ.

ಪಟ್ಟಿ ಬೂದುಬಣ್ಣಕ್ಕೆ ತಿರುಗಿ ಕಣ್ಣಿಗೆ ಚುಚ್ಚುವುದು ಎಲ್‌ಸಿಡಿಯಲ್ಲಿ. ಪರದೆಯ ಹಿಂದಿರುವ ಬೆಳಕು ಸೋರುತ್ತದೆ. ಓಎಲ್‌ಇಡಿಯಲ್ಲಿ ಆ ಬೆಳಕೇ ಇಲ್ಲ, ಈ ಕಾಟವೂ ಇಲ್ಲ. ಎಲ್‌ಸಿಡಿಗೆ ಆ ಪಟ್ಟಿಗಳನ್ನು ಮರೆಮಾಡುವ ಮುಚ್ಚುಪಟ್ಟಿ ಮಾಡಿಕೊಳ್ಳಿ. 65 ಇಂಚಿನ ಪರದೆ 144 ಸೆಂ.ಮೀ. ಅಗಲ, 81 ಎತ್ತರ. 2.39:1 ಚಿತ್ರಕ್ಕೆ ಬೇಕಾದ್ದು 60 ಮಾತ್ರ, ಮೇಲೆ ಕೆಳಗೆ ತಲಾ ಸುಮಾರು 10 ಸೆಂ.ಮೀ. ಉಳಿಯುತ್ತದೆ. ಕತ್ತರಿಸುವ ಮುನ್ನ ಸಿನಿಮಾ ನಿಲ್ಲಿಸಿ ಟೇಪು ಹಿಡಿದು ಅಳೆಯಿರಿ, ಎಲ್ಲ ಚಿತ್ರದ ಅಳತೆಯೂ ಒಂದೇ ಅಲ್ಲ. ಹಗುರ ಸನ್‌ಬೋರ್ಡಿಗೆ (ಫೋಮ್ ಹಲಗೆ) ಹೊಳಪಿಲ್ಲದ ಕಪ್ಪು ವೆಲ್ವೆಟ್ ಅಂಟಿಸಿ. ಮೇಲಿನದನ್ನು ಟಿವಿ ಬೆನ್ನಿಗೆ ಕೊಕ್ಕೆ ಹಾಕಿ ಇಳಿಬಿಡಿ, ಕೆಳಗಿನದು ಸ್ಟ್ಯಾಂಡ್ ಮೇಲೆ ನಿಲ್ಲಲಿ. ಪರದೆಗೆ ಗಮ್ ಟೇಪ್ ಬೇಡ, ಒತ್ತಲೂಬೇಡಿ. ರಿಮೋಟ್ ಕೆಲಸ ಮಾಡದಿದ್ದರೆ ಕೆಳಪಟ್ಟಿ ಸೆನ್ಸರ್ ಮುಚ್ಚಿದೆ ಎಂದರ್ಥ. ಅಷ್ಟು ಜಾಗ ಕೊರೆದುಬಿಡಿ. ಗಾಳಿಯ ತೂತುಗಳೂ ತೆರೆದಿರಲಿ, ಬೇಸಿಗೆಯಲ್ಲಿ ಮೊದಲೇ ಟಿವಿ ಬಿಸಿಯಾಗಿರುತ್ತದೆ.

ಅಳೆಯುವ ಮುನ್ನ ಟಿವಿ ಮೆನುವಿನ ಪಿಕ್ಚರ್ ಸೈಜ್‌ನಲ್ಲಿ ಓವರ್‌ಸ್ಕ್ಯಾನ್ (ಚಿತ್ರವನ್ನು ತುಸು ಹಿಗ್ಗಿಸುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಅಂಚು ಕತ್ತರಿಸಿಹೋಗಿ ನಿಮ್ಮ ಅಳತೆಯೇ ತಪ್ಪುತ್ತದೆ.