ಅಟ್ಟ ಸೇರಿದ್ದ ಹಳೇ ರೂಟರಿಗೆ ಅಡುಗೆಮನೆಯಲ್ಲಿ ಕೆಲಸ

ಮುರಕಲ್ಲಿನ ಗೋಡೆಗೂ ವೈಫೈಗೂ ಆಗಿಬರುವುದಿಲ್ಲ. ದಕ್ಷಿಣ ಕನ್ನಡದ ಕಡೆಯ ಹಳೇ ಮನೆಗಳ ಗೋಡೆ ದಪ್ಪ, ಮಳೆಗಾಲದಲ್ಲಿ ಅದು ನೀರು ಕುಡಿದು ನಿಂತರೆ ಸಿಗ್ನಲ್ ಇನ್ನಷ್ಟು ಸೊರಗುತ್ತದೆ. ನಮ್ಮಲ್ಲಿ ಫೈಬರ್ ಮೋಡೆಮ್ ಇರುವುದು ಚಾವಡಿಯಲ್ಲಿ. ಫೋನಿಗೆ ಒಂದು ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿದರೆ ಮೋಡೆಮ್ ಪಕ್ಕದಲ್ಲಿ ಮೈನಸ್ 45 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು), ಎರಡು ಗೋಡೆ ದಾಟಿ ಅಡುಗೆಮನೆಗೆ ಬಂದರೆ ಮೈನಸ್ 84. ಈ ಲೆಕ್ಕದಲ್ಲಿ 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು ಪಾಲು. ಮೈನಸ್ 67ರ ತನಕ ವಿಡಿಯೊ ಕಾಲ್ ಸಲೀಸು. 75 ದಾಟಿದರೆ ತಡವರಿಕೆ ಶುರು. 80ರ ಆಚೆ ವೈಫೈ ಗುರುತು ಕಾಣುತ್ತದೆ, ವಾಟ್ಸ್ಆ್ಯಪ್ ಸಂದೇಶ ಮಾತ್ರ ಗಡಿಯಾರದ ಚಿಹ್ನೆ ಹೊತ್ತು ಕೂತೇ ಇರುತ್ತದೆ.

ಮದ್ದು ಇಷ್ಟೇ: ಚಾವಡಿಯ ಮೋಡೆಮಿನಿಂದ ಅಡುಗೆಮನೆಗೆ ಒಂದು ಕೇಬಲ್ ಎಳೆದು, ಅದರ ತುದಿಗೆ ಹಳೇ ರೂಟರ್ ಸಿಕ್ಕಿಸಿ ಅಲ್ಲಿಂದ ವೈಫೈ ಬೀರಿಸುವುದು. ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲದ ಎಡಿಎಸ್ಎಲ್ ಮೋಡೆಮ್ ಒಂದು, ಟಿಪಿ-ಲಿಂಕ್ ಡಬ್ಲ್ಯುಆರ್841ಎನ್ ರೂಟರ್ ಒಂದು ಅಟ್ಟದಲ್ಲಿದ್ದವು. ಎರಡೂ ಇದಕ್ಕೆ ಸಾಕು. ಎಡಿಎಸ್ಎಲ್ ಪೆಟ್ಟಿಗೆಯನ್ನು ಫೈಬರ್ ಬಂದ ಮೇಲೆ ಪ್ರಯೋಜನವಿಲ್ಲ ಎಂದು ಗುಜರಿಗೆ ಕೊಟ್ಟವರೇ ಹೆಚ್ಚು. ಆದರೆ ಅದರಲ್ಲಿ ಸತ್ತಿರುವುದು ಟೆಲಿಫೋನ್ ತಂತಿ ಸಿಕ್ಕಿಸುವ ತೂತು ಮಾತ್ರ. ವೈಫೈ ಇದೆ, ನಾಲ್ಕು ಲ್ಯಾನ್ ಪೋರ್ಟ್ (ಮನೆಯೊಳಗಿನ ಸಾಧನಗಳಿಗೆ ಕೇಬಲ್ ಸಿಕ್ಕಿಸುವ ತೂತು) ಇವೆ, ನಮಗೆ ಬೇಕಿರುವುದು ಅಷ್ಟೇ. ತಳದ ಚೀಟಿಯಲ್ಲಿ 802.11ಎನ್ ಅಥವಾ 150, 300 ಎಂಬಿಪಿಎಸ್ ಎಂದಿದ್ದರೆ ಇಟ್ಟುಕೊಳ್ಳಿ. ಬರೀ 54 ಎಂದಿದ್ದರೆ ಅದು ಇನ್ನೂ ಹಿಂದಿನ ಪೀಳಿಗೆ, ಕೈಗೆ ಸಿಗುವುದು 20 ಎಂಬಿಪಿಎಸ್ ಆಸುಪಾಸು. ಅದಕ್ಕೆ ಕೇಬಲ್ ಎಳೆಯುವ ಶ್ರಮ ದಂಡ.

ರೂಟರ್ ಎಂಬ ಒಂದೇ ಡಬ್ಬಿ ಮೂರು ಕೆಲಸ ಮಾಡುತ್ತದೆ. ಹೊರಗಿನ ಇಂಟರ್ನೆಟ್ಟನ್ನು ಮನೆಯ ಸಾಧನಗಳಿಗೆ ಹಂಚುವುದು, ಪ್ರತಿ ಫೋನಿಗೂ ಐಪಿ ವಿಳಾಸ ಕೊಡುವುದು (ಇದೇ ಡಿಎಚ್‌ಸಿಪಿ), ವೈಫೈ ಬೀರುವುದು. ಮೊದಲೆರಡನ್ನು ಚಾವಡಿಯ ಮೋಡೆಮ್ ಈಗಾಗಲೇ ಮಾಡುತ್ತಿದೆ. ಹಳೇ ರೂಟರಿಂದ ಆ ಎರಡು ಅಧಿಕಾರ ಕಿತ್ತುಕೊಂಡು ಮೂರನೆಯದನ್ನು ಮಾತ್ರ ಬಿಡಬೇಕು. ಮನೆಗೆ ಯಜಮಾನ ಒಬ್ಬನೇ ಇರಲಿ. ಈ ಕೆಲಸದಲ್ಲಿ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಬ್ಬರು ಯಜಮಾನರಾದದ್ದರಿಂದಲೇ ಬರುತ್ತವೆ.

ಕೇಬಲ್ ಇಲ್ಲದೆ ರಿಪೀಟರ್ ಮಾಡಬಾರದೇ ಎಂದು ಕೇಳುವವರು ಬಹಳ. ಮಾಡಬಹುದು, ನಾನು ಮಾಡುವುದಿಲ್ಲ. ಒಂದೇ ರೇಡಿಯೊ ಇರುವ ಹಳೇ ರೂಟರ್ ಒಂದು ಕ್ಷಣ ಮೋಡೆಮಿನಿಂದ ಕೇಳಿಸಿಕೊಂಡು ಮುಂದಿನ ಕ್ಷಣ ಅದನ್ನೇ ಫೋನಿಗೆ ಹೇಳಬೇಕು, ಎರಡೂ ಒಟ್ಟಿಗೆ ಆಗದು. ಹಾಗಾಗಿ ವೇಗ ನೆಟ್ಟಗೆ ಅರ್ಧಕ್ಕೆ ಬೀಳುತ್ತದೆ. ಅದಕ್ಕಿಂತ ಮುಖ್ಯ, ಸಿಗ್ನಲ್ ಇಲ್ಲದ ಜಾಗದಲ್ಲಿ ರಿಪೀಟರ್ ಇಟ್ಟರೆ ಅದಕ್ಕೂ ಸಿಗ್ನಲ್ ಸಿಗುವುದಿಲ್ಲ. ಇಡಬೇಕಾದ್ದು ನಡುದಾರಿಯಲ್ಲಿ, ಮೈನಸ್ 65ರ ಸುತ್ತ ಇರುವ ಕಡೆ. ಮುರಕಲ್ಲಿನ ಮನೆಯಲ್ಲಿ ಅಂಥ ನಡುದಾರಿ ಹುಡುಕುವುದೇ ಕಷ್ಟ, ಗೋಡೆಯ ಈಚೆ 60, ಆಚೆ 78. ಎರಡು ರೂಟರುಗಳನ್ನು ಕೇಬಲ್ ಇಲ್ಲದೆ ಬೆಸೆಯುವ ಡಬ್ಲ್ಯುಡಿಎಸ್ ಎಂಬ ಆಯ್ಕೆ ಹಳೇ ರೂಟರುಗಳಲ್ಲಿ ಇರುತ್ತದೆ, ಆದರೆ ಬೇರೆ ಬೇರೆ ಕಂಪನಿಯ ಎರಡು ಪೆಟ್ಟಿಗೆಗಳು ಅದರಲ್ಲಿ ಹೊಂದಿಕೊಳ್ಳುತ್ತವೆ ಎಂಬ ಭರವಸೆ ಇಲ್ಲ.

ಮೊದಲು ನೋಡಬೇಕಾದ್ದು ಅಡಾಪ್ಟರ್. ವರ್ಷಗಟ್ಟಲೆ ಅಟ್ಟದಲ್ಲಿದ್ದ ರೂಟರಿನಲ್ಲಿ ಕೈಕೊಡುವುದು ಹೆಚ್ಚಾಗಿ ಅದೇ. 841ಎನ್‌ಗೆ 9 ವೋಲ್ಟ್ 0.6 ಆಂಪಿಯರ್ ಬೇಕು, ಬೇರೆ ಹಲವಕ್ಕೆ 12 ವೋಲ್ಟ್. ಪಿನ್ ಒಂದೇ ಗಾತ್ರದ್ದಿರುವುದರಿಂದ ಅದಲುಬದಲಾಗುವುದು ಸುಲಭ. ವೋಲ್ಟ್ ತಳದ ಚೀಟಿಯಲ್ಲಿರುವಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ತೊಂದರೆಯಿಲ್ಲ. ಪಿನ್ನಿನ ಒಳಭಾಗ ಪಾಸಿಟಿವ್ ಎಂಬ ಗುರುತನ್ನೂ ಹೋಲಿಸಿ ನೋಡಿ. ಒಳಗಿನ ಕೆಪಾಸಿಟರ್ ಒಣಗಿದ ಅಡಾಪ್ಟರ್ ಮಲ್ಟಿಮೀಟರಿನಲ್ಲಿ ಸರಿಯಾದ ವೋಲ್ಟನ್ನೇ ತೋರಿಸುತ್ತದೆ, ಲೋಡ್ ಬಿದ್ದಾಗ ಕುಸಿಯುತ್ತದೆ. ದೀಪಗಳೆಲ್ಲ ಉರಿಯುತ್ತವೆ, ಮೂರು ಜನ ಒಟ್ಟಿಗೆ ವಿಡಿಯೊ ಹಾಕಿದ ಕೂಡಲೇ ರೂಟರ್ ತಾನಾಗಿ ರೀಸ್ಟಾರ್ಟ್. ಸೆಟ್ಟಿಂಗ್ ತಪ್ಪೆಂದು ರಾತ್ರಿಯಿಡೀ ತಲೆ ಕೆರೆದುಕೊಳ್ಳುವ ಮುನ್ನ ಬೇರೆ ಅಡಾಪ್ಟರ್ ಹಾಕಿ ನೋಡಿ.

ಇನ್ನು ಸೆಟ್ಟಿಂಗ್. ಹಿಂಬದಿಯ ರೀಸೆಟ್ ಗುಂಡಿಯನ್ನು ಪಿನ್ನಿನಿಂದ 10 ಸೆಕೆಂಡ್ ಒತ್ತಿ ಹಿಡಿದರೆ ದೀಪಗಳೆಲ್ಲ ಒಮ್ಮೆ ಮಿನುಗಿ ರೂಟರ್ ಹುಟ್ಟಿದಾಗಿನ ಸ್ಥಿತಿಗೆ ಮರಳುತ್ತದೆ. ಈ ಹಂತದಲ್ಲಿ ಮನೆಯ ಮೋಡೆಮಿಗೆ ಜೋಡಿಸಬೇಡಿ. ಎರಡೂ 192.168.1.1 ಆಗಿದ್ದರೆ ಬ್ರೌಸರಿನಲ್ಲಿ ಯಾವುದರ ಪುಟ ತೆರೆಯುತ್ತದೆಂದು ಹೇಳಲಾಗದು. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ಒಂದು ತುಂಡು ಕೇಬಲಿನಿಂದ ಹಳೇ ರೂಟರಿನ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ಚೀಟಿಯಲ್ಲಿರುವ ವಿಳಾಸ ಬ್ರೌಸರಿನಲ್ಲಿ ಟೈಪ್ ಮಾಡಿದರೆ ಲಾಗಿನ್ ಪುಟ ಬರುತ್ತದೆ.

ಇಲ್ಲಿ ಅನುಕ್ರಮ ಮುಖ್ಯ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ವೈಫೈ ಹೆಸರು, ಪಾಸ್‌ವರ್ಡ್, ಚಾನೆಲ್ ಎಲ್ಲ ತುಂಬಿ ಉಳಿಸಿ. ಆಮೇಲೆ ಲ್ಯಾನ್ ಐಪಿ. ಮನೆಯ ಮೋಡೆಮ್ 192.168.1.1 ಆಗಿದ್ದರೆ ಹಳೇ ರೂಟರಿಗೆ 192.168.1.2 ಕೊಡಿ, ಸಬ್‌ನೆಟ್ 255.255.255.0. ಉಳಿಸಿದ ಕೂಡಲೇ ಪುಟ ನೇತಾಡಿಬಿಡುತ್ತದೆ. ಗಾಬರಿ ಬೇಡ, ವಿಳಾಸ ಬದಲಾಯಿತು ಅಷ್ಟೇ. ಲ್ಯಾಪ್‌ಟಾಪಿನ ಕೇಬಲ್ ಒಮ್ಮೆ ಕಿತ್ತು ಸಿಕ್ಕಿಸಿ ಹೊಸ ವಿಳಾಸದಲ್ಲಿ ಮತ್ತೆ ಒಳಹೊಕ್ಕು, ಕಟ್ಟಕಡೆಗೆ ಡಿಎಚ್‌ಸಿಪಿ ಆಫ್ ಮಾಡಿ. ಡಿಎಚ್‌ಸಿಪಿಯನ್ನು ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇಲ್ಲದೆ ಅದು 169.254ರಿಂದ ಶುರುವಾಗುವ ಒಂದು ವಿಳಾಸ ಹಾಕಿಕೊಂಡು ಕೂರುತ್ತದೆ, ಪುಟ ತೆರೆಯುವುದಿಲ್ಲ. ಹಾಗಾದಲ್ಲಿ ಮತ್ತೆ ರೀಸೆಟ್ ಮಾಡಬೇಕಿಲ್ಲ. ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಕೈಯಾರೆ 192.168.1.50 ತುಂಬಿದರೆ (ರೂಟರಿನ ವಿಳಾಸ 192.168.0ರ ಸಾಲಿನಲ್ಲಿದ್ದರೆ 192.168.0.50) ಸಾಕು. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಆಟೊಮ್ಯಾಟಿಕ್‌ಗೆ ಹಾಕಲು ಮರೆಯಬೇಡಿ.

ಚಾವಡಿಯ ಮೋಡೆಮಿನಲ್ಲೂ ಒಂದು ಕೆಲಸವಿದೆ. ಅದು 192.168.1.2ರಿಂದ 254ರ ತನಕ ಎಲ್ಲವನ್ನೂ ಹಂಚುವಂತಿದ್ದರೆ ಒಂದು ದಿನ .2 ಯಾವುದೋ ಫೋನಿಗೆ ಹೋಗುತ್ತದೆ. ಹಂಚಿಕೆಯ ಆರಂಭವನ್ನು 192.168.1.20 ಎಂದು ಬದಲಿಸಿ, ಕೆಳಗಿನವು ನಮ್ಮ ಕೈಯಲ್ಲಿರಲಿ. ಮೋಡೆಮಿನ ಆ ಪುಟಕ್ಕೆ ಪ್ರವೇಶ ಸಿಗದಿದ್ದರೆ ಹಳೇ ರೂಟರಿಗೆ 192.168.1.250 ಕೊಟ್ಟು ಸುಮ್ಮನಾಗಬಹುದು. ಮನೆಯ ಹತ್ತು ಹದಿನೈದು ಸಾಧನಗಳ ಸರದಿ ಅಲ್ಲಿಯ ತನಕ ಬರುವುದು ಅಪರೂಪ.

ಕೇಬಲಿನ ಒಂದು ತುದಿ ಮೋಡೆಮಿನ ಲ್ಯಾನ್ ಪೋರ್ಟಿಗೆ, ಇನ್ನೊಂದು ಹಳೇ ರೂಟರಿನ ಲ್ಯಾನ್ ಪೋರ್ಟಿಗೆ. ಬಣ್ಣ ಬೇರೆ ಇರುವ ವ್ಯಾನ್ ಪೋರ್ಟ್ ಖಾಲಿ ಇರಬೇಕು. ಎಲ್ಲರ ಕೈಯೂ ಮೊದಲು ಹೋಗುವುದು ಅಲ್ಲಿಗೇ, ಯಾಕೆಂದರೆ ಇಂಟರ್ನೆಟ್ ಬರುವ ತೂತು ಅದೇ ಎಂದು ವರ್ಷಾನುಗಟ್ಟಲೆ ಅಭ್ಯಾಸ. ಡಿಎಚ್‌ಸಿಪಿ ಆಫ್ ಮಾಡಿ ಕೇಬಲನ್ನು ವ್ಯಾನ್‌ಗೆ ಹಾಕಿದರೆ ಫೋನ್ "ಐಪಿ ವಿಳಾಸ ಪಡೆಯಲಾಗುತ್ತಿದೆ" ಎಂದು ಹೇಳುತ್ತಲೇ ಇರುತ್ತದೆ. ಡಿಎಚ್‌ಸಿಪಿ ಆನ್ ಇಟ್ಟು, ಐಪಿ ಸಾಲು ಬೇರೆ ಮಾಡಿ ವ್ಯಾನ್‌ಗೆ ಹಾಕಿದರೆ ಇಂಟರ್ನೆಟ್ ಬರುತ್ತದೆ, ನಿಜ. ಆದರೆ ಆಗ ಅದು ಮನೆಯೊಳಗೊಂದು ಬೇರೆ ಮನೆ. ಅಡುಗೆಮನೆಯ ಫೋನಿನಿಂದ ಚಾವಡಿಯ ಪ್ರಿಂಟರ್ ಕಾಣುವುದಿಲ್ಲ, ಟಿವಿಗೆ ಕಾಸ್ಟ್ ಆಗುವುದಿಲ್ಲ. 841ಎನ್‌ನ ಈಚಿನ ಆವೃತ್ತಿಗಳಲ್ಲಿ ಆಕ್ಸೆಸ್ ಪಾಯಿಂಟ್ ಎಂಬ ಮೋಡ್ ಉಂಟು, ಅದನ್ನು ಆರಿಸಿದರೆ ಈ ರಗಳೆಯೇ ಇಲ್ಲ. ಹಳೆಯವಕ್ಕೆ ಮೇಲಿನ ದಾರಿಯೇ ಗತಿ. ಎಡಿಎಸ್ಎಲ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ವ್ಯಾನ್ ಪೋರ್ಟೇ ಇರದ ಕಾರಣ ತಪ್ಪು ಮಾಡಲು ಜಾಗವೂ ಇಲ್ಲ.

ಕೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಕ್ಯಾಟ್5ಇ ಸಾಕು, ಆದರೆ ಪೂರ್ತಿ ತಾಮ್ರದ್ದು ಬೇಕು. ಅಗ್ಗಕ್ಕೆ ಸಿಗುವ ಸಿಸಿಎ ಎಂಬುದು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಬಗ್ಗಿಸಿದಲ್ಲಿ ಮುರಿಯುತ್ತದೆ, ಕರಾವಳಿಯ ಉಪ್ಪುಗಾಳಿಗೆ ತುದಿಗಳು ಬೇಗ ಹಾಳಾಗುತ್ತವೆ. ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಒಳಗೆ ಬೆಳ್ಳಗೆ ಕಂಡೀತು. 20 ಮಿಲಿಮೀಟರ್ ಪಿವಿಸಿ ಕಾಂಡ್ಯುಟ್ ಪೈಪಿನೊಳಗೆ ಎಳೆದರೆ ಇಲಿ ಕಾಟವಿಲ್ಲ. ಕರೆಂಟಿನ ವಯರ್ ಇರುವ ಪೈಪಿನಲ್ಲೇ ತೂರಿಸಬೇಡಿ, ಎಲೆಕ್ಟ್ರಿಷಿಯನ್ ಪರವಾಗಿಲ್ಲ ಎಂದರೂ. ಉದ್ದ 100 ಮೀಟರ್ ಮೀರುವಂತಿಲ್ಲ. ಮನೆಯೊಳಗೆ 20–25 ಮೀಟರಿನಲ್ಲಿ ಮುಗಿಯುತ್ತದೆ.

ಆರ್‌ಜೆ45 ತುದಿ ಹಾಕುವಾಗ ಕ್ಲಿಪ್ಪು ಕೆಳಗೆ, ಚಿನ್ನದ ಪಟ್ಟಿ ಮೇಲೆ ಹಿಡಿದು ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿ ಹೀಗೇ. ಹಸಿರಿನ ಜೋಡಿಯ ನಡುವೆ ನೀಲಿ ಜೋಡಿ ಬರುವುದನ್ನು ಗಮನಿಸಿ, ಜೋಡಿ ಜೋಡಿಯಾಗಿ ನೆಟ್ಟಗೆ ಜೋಡಿಸಿದರೆ ಕೆಡುವುದು ಅಲ್ಲೇ. ಹೊಸೆದಿರುವುದನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಹೊರಗಿನ ಸಿಪ್ಪೆ ಕನೆಕ್ಟರಿನೊಳಗೆ ಹೋಗಿ ಕಚ್ಚಿಕೊಳ್ಳಬೇಕು. 100 ಎಂಬಿಪಿಎಸ್ ಪೋರ್ಟಿಗೆ ಕಿತ್ತಳೆ ಮತ್ತು ಹಸಿರು ಜೋಡಿ ಮಾತ್ರ ಬಳಕೆ. ಆದ್ದರಿಂದ ಕಂದು ಎಳೆ ತುಂಡಾದ ಕೇಬಲ್ ಈ ಹಳೇ ರೂಟರಿಗೆ ಚೆನ್ನಾಗಿಯೇ ನಡೆಯುತ್ತದೆ, ನಾಳೆ ಗಿಗಾಬಿಟ್ ರೂಟರ್ ತಂದಾಗ ಗುಟ್ಟು ಬಯಲಾಗುತ್ತದೆ. ಕೇಬಲ್ ಟೆಸ್ಟರಿನಲ್ಲಿ ಎಂಟೂ ದೀಪ ನೋಡಿಯೇ ಪೈಪ್ ಮುಚ್ಚಿ.

ಚಾನೆಲ್ಲನ್ನು ಆಟೊದಲ್ಲಿ ಬಿಡಬೇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದವು 1, 6, 11. ಚಾವಡಿಯದ್ದು 1 ಆದರೆ ಅಡುಗೆಮನೆಯದ್ದು 6 ಅಥವಾ 11. ಚಾನೆಲ್ ಅಗಲ 20 ಮೆಗಾಹರ್ಟ್ಸ್. 40ಕ್ಕೆ ಹಾಕಿದರೆ ಕಾಗದದ ಮೇಲೆ 300 ಕಾಣುತ್ತದೆ, ಎರಡು ರೂಟರುಗಳೂ ಒಂದರ ಮೇಲೊಂದು ಕೂಗಾಡುತ್ತವೆ. ಭದ್ರತೆಗೆ ಡಬ್ಲ್ಯುಪಿಎ2 ಮತ್ತು ಎಇಎಸ್ ಎಂದೇ ಆರಿಸಿ. ಹಳೇ ವಿಧಾನಗಳಾದ ಟಿಕೆಐಪಿ ಅಥವಾ ಡಬ್ಲ್ಯುಇಪಿ ಆರಿಸಿದರೆ ಭದ್ರತೆ ಹೋಗುವುದು ಒಂದು, ಎನ್ ರೂಟರೂ 54 ಎಂಬಿಪಿಎಸ್‌ಗೆ ಇಳಿದುಬಿಡುವುದು ಇನ್ನೊಂದು. ಹಳೇ ರೂಟರ್ ಸಿಕ್ಕಾಪಟ್ಟೆ ನಿಧಾನ ಎಂಬ ದೂರು ಬಂದಲ್ಲಿ ನಾನು ಮೊದಲು ತೆರೆದು ನೋಡುವುದು ಈ ಪುಟವನ್ನೇ. ಪಾಸ್‌ವರ್ಡ್ ಟೈಪ್ ಮಾಡದೆ ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆ ಕೊಟ್ಟು ಸೇರಿಸುವ ಡಬ್ಲ್ಯುಪಿಎಸ್ ಆಫ್ ಇರಲಿ.

ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಎರಡೂ ಕಡೆ ಒಂದೇ ಆಗಿದ್ದರೆ ಫೋನ್ ತಾನಾಗಿ ಅದಲುಬದಲಾಗುತ್ತದೆ. ಯಾವಾಗ ಎಂಬ ತೀರ್ಮಾನ ಫೋನಿನದ್ದೇ, ರೂಟರಿನದ್ದಲ್ಲ. ಐಫೋನ್ ಮೈನಸ್ 70 ಡಿಬಿಎಂ ದಾಟಿದ ಮೇಲೆ ಬೇರೆಯದನ್ನು ಹುಡುಕುತ್ತದೆ. ಕೆಲವು ಫೋನುಗಳು ಚಾವಡಿಯದ್ದನ್ನೇ ಕಚ್ಚಿಕೊಂಡು ಅಡುಗೆಮನೆಯ ತನಕ ಬರುತ್ತವೆ. ಚಾವಡಿಯ ಮೋಡೆಮಿನಲ್ಲಿ ಟ್ರಾನ್ಸ್‌ಮಿಟ್ ಪವರ್ ಆಯ್ಕೆ ಇದ್ದರೆ ಒಂದು ಮೆಟ್ಟಿಲು ಇಳಿಸಿ, ಹಟ ಬಿಡುತ್ತವೆ. ಅಲುಗಾಡದ ಟಿವಿ, ಕ್ಯಾಮೆರಾಗಳಿರುವ ಮನೆಯಲ್ಲಿ ನಾನು ಎರಡು ಬೇರೆ ಹೆಸರು ಇಡುವ ಕಡೆಗೇ ವಾಲುತ್ತೇನೆ. ಯಾವುದಕ್ಕೆ ಯಾವುದು ಎಂದು ಒಮ್ಮೆ ಹೇಳಿದರೆ ಮುಗಿಯಿತು.

ಒಂದು ವಾರದ ಬಳಕೆಯಲ್ಲಿ ಕಾಣುವ ಕಾಯಿಲೆಗಳು ಬೆರಳೆಣಿಕೆಯವು. ಕೆಲವು ಫೋನಿಗೆ ಇಂಟರ್ನೆಟ್ ಉಂಟು, ಕೆಲವಕ್ಕೆ ಇಲ್ಲ, ಆಫ್ ಆನ್ ಮಾಡಿದರೆ ಸರಿಹೋಗುತ್ತದೆ ಎಂದರೆ ಹಳೇ ರೂಟರಿನ ಡಿಎಚ್‌ಸಿಪಿ ಇನ್ನೂ ಬದುಕಿದೆ. ನಿಂತುಹೋದ ಫೋನಿನಲ್ಲಿ ಗೇಟ್‌ವೇ (ಇಂಟರ್ನೆಟ್ಟಿಗೆ ಹೋಗುವ ಬಾಗಿಲಿನ ವಿಳಾಸ) ನೋಡಿ, 192.168.1.1ರ ಬದಲು .2 ಇರುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಹೀಗಾದರೆ ಉಳಿಸದೆ ಬಿಟ್ಟಿದ್ದೀರಿ, ಅಥವಾ ಯಾರೋ ರೀಸೆಟ್ ಒತ್ತಿದ್ದಾರೆ. ಇಡೀ ಮನೆಯ ನೆಟ್‌ವರ್ಕ್ ಒಮ್ಮೆಲೇ ಸತ್ತು, ಎಲ್ಲ ಪೋರ್ಟಿನ ದೀಪಗಳೂ ಒಂದೇ ಸಮನೆ ಹುಚ್ಚೆದ್ದು ಮಿನುಗುತ್ತಿದ್ದರೆ ಎಲ್ಲೋ ಸುತ್ತು ಬಿದ್ದಿದೆ. ಖಾಲಿ ನೇತಾಡುತ್ತಿದ್ದ ಕೇಬಲ್ ತುದಿಯನ್ನು ಗುಡಿಸುವಾಗ ಯಾರೋ ಖಾಲಿ ಪೋರ್ಟಿಗೆ ಸಿಕ್ಕಿಸಿದರೆ ಸಾಕು. ಪೋರ್ಟಿನ ದೀಪವೇ ಉರಿಯದಿದ್ದರೆ ತುದಿ ಸರಿಯಾಗಿ ಕೂತಿಲ್ಲ.

ವೇಗದ ಬಗ್ಗೆ ಆಸೆ ಮಿತಿಯಲ್ಲಿರಲಿ. ಪೋರ್ಟ್ 100ರದ್ದಾದ್ದರಿಂದ ಎಷ್ಟು ದೊಡ್ಡ ಪ್ಲ್ಯಾನ್ ಹಾಕಿಸಿಕೊಂಡರೂ ಕೇಬಲಿನಲ್ಲಿ 94–95ಕ್ಕಿಂತ ಹೆಚ್ಚು ಬಾರದು. 20 ಮೆಗಾಹರ್ಟ್ಸ್‌ನಲ್ಲಿ ಎರಡು ಆಂಟೆನಾದ ಎನ್ ರೂಟರಿನ ಸಂಪರ್ಕ ವೇಗ 144, ಅದರಲ್ಲಿ ನಿಜಕ್ಕೂ ಕೈಸೇರುವುದು ಅರ್ಧದಿಂದ ಮುಕ್ಕಾಲಿನೊಳಗೆ. ಅಡುಗೆಮನೆಯಲ್ಲಿ ಈಗ ಮೈನಸ್ 50, ವೇಗ 60ರ ಮೇಲೆ. ಓಪನ್‌ಡಬ್ಲ್ಯುಆರ್‌ಟಿ (ರೂಟರಿನ ಮೂಲ ತಂತ್ರಾಂಶದ ಬದಲು ಹಾಕುವ ಉಚಿತ ತಂತ್ರಾಂಶ) ಹಾಕಿ ಹೊಸದು ಮಾಡಬಹುದೇ ಎಂದರೆ, 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ 841ಎನ್ ಆವೃತ್ತಿಗಳಿಗೆ 19.07ರ ನಂತರ ಅಧಿಕೃತವಾಗಿ ಬಂದಿಲ್ಲ. ವೈಫೈ ಬೀರುವುದಷ್ಟೇ ಕೆಲಸವಾದಾಗ ಅದರ ಅಗತ್ಯವೂ ಇಲ್ಲ. 5 ವಾಟ್ ಎಂದು ಹಿಡಿದರೂ ಕರೆಂಟ್ ತಿಂಗಳಿಗೆ 3.6 ಯೂನಿಟ್.

ಕೊಟ್ಟಿಗೆಗೋ ತೋಟದ ಶೆಡ್ಡಿಗೋ ಇದೇ ಕೇಬಲನ್ನು ಗಾಳಿಯಲ್ಲಿ ಎಳೆದುಬಿಡೋಣ ಎಂಬ ಯೋಚನೆ ಬಂದೇ ಬರುತ್ತದೆ. ಬೇಡ. ಏಪ್ರಿಲ್ ಮೇ ತಿಂಗಳ ಗುಡುಗಿನಲ್ಲಿ ಹತ್ತಿರ ಸಿಡಿಲು ಬಡಿದರೆ ಎರಡು ಕಟ್ಟಡಗಳ ನಡುವಿನ ತಾಮ್ರದ ತಂತಿ ಅದನ್ನು ನೇರವಾಗಿ ಪೋರ್ಟಿಗೆ ತಂದು ಸುರಿಯುತ್ತದೆ, ಎರಡೂ ತುದಿಯ ಪೆಟ್ಟಿಗೆಗಳು ಒಟ್ಟಿಗೆ ಹೋಗುತ್ತವೆ. ಅಲ್ಲಿಗೆ ಫೈಬರಿನದ್ದೇ ಡ್ರಾಪ್ ಕೇಬಲ್ ಎಳೆದು ಎರಡು ತುದಿಗೆ ಫೈಬರನ್ನೂ ತಾಮ್ರದ ಕೇಬಲನ್ನೂ ಬೆಸೆಯುವ ಒಂದೊಂದು ಮೀಡಿಯಾ ಕನ್ವರ್ಟರ್ ಹಾಕಬೇಕು. ಒಂದೇ ಎಳೆಯಲ್ಲಿ ನಡೆಯುವ ಕನ್ವರ್ಟರುಗಳು ಜೋಡಿಯಾಗಿ ಬರುತ್ತವೆ, ಒಂದು 1310 ನ್ಯಾನೊಮೀಟರಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ. ಒಂದೇ ಬಗೆಯ ಎರಡನ್ನು ತಂದರೆ ಒಂದಕ್ಕೊಂದು ಮಾತಾಡವು. ಡ್ರಾಪ್ ಕೇಬಲಿನಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದಲ್ಲ, ಅದನ್ನು ಗೋಡೆಯ ಹೊರಗೇ ಕತ್ತರಿಸಿ, ಒಳಗೆ ತರಬೇಡಿ. ಶೆಡ್ಡಿನ ಕನ್ವರ್ಟರಿನಿಂದ ಮುಂದಕ್ಕೆ ಅಟ್ಟದ ಎರಡನೇ ರೂಟರ್, 192.168.1.3.